ಕುದುರೆ ಏರಿ ಹೋದವನು ಬದುಕಿದ್ದನೇ?

ಸಲೂನ್ ಎಂಬ ಹೆಂಡದಂಗಡಿಯೊಳಗೆ ಮೂರು ಹೆಣ ಬಿದ್ದಿವೆ. ಹೊರಗೆ ಕತ್ತಲು. ಮೆಟ್ಟಿಲ ಬಳಿ ನಿಂತ ಹುಡುಗನ ತಲೆ ನೇವರಿಸಿ, ನಾಲ್ಕು ಬುದ್ಧಿಮಾತು ಹೇಳಿ, ಆತ ಕುದುರೆ ಹತ್ತಿ ಹೊರಡುತ್ತಾನೆ. ವಾಪಸು ಬಾ ಎಂದು ಹುಡುಗ ಕೂಗುತ್ತಾನೆ. ಕೂಗು ಬೆಟ್ಟಕ್ಕೆ ಬಡಿದು ಹಿಂದಕ್ಕೆ ಬರುತ್ತದೆ, ಆತ ಬರುವುದಿಲ್ಲ. ತಿರುಗಿಯೂ ನೋಡುವುದಿಲ್ಲ. ಕೊನೆಯಲ್ಲಿ ಅವನ ಕುದುರೆ ಗುಡ್ಡದ ಮೇಲಿನ ಗೋರಿಗಳ ನಡುವೆ ಹಾದು ಬೆಟ್ಟ ಏರುತ್ತದೆ. ಒಂದು ತೋಳು ಜೋತುಬಿದ್ದಿದೆ. ಪರದೆಯ ಮೇಲೆ ‘ಮುಕ್ತಾಯ’ ಎಂಬ ಅಕ್ಷರ ಮೂಡುತ್ತದೆ.

ಇದು 1953ರಲ್ಲಿ ತೆರೆಕಂಡ ‘ಶೇನ್’. ನಿರ್ದೇಶಕ ಜಾರ್ಜ್ ಸ್ಟೀವನ್ಸ್, ಶೇನ್ ಪಾತ್ರದಲ್ಲಿ ಅಲನ್ ಲ್ಯಾಡ್. ಎಪ್ಪತ್ತು ವರ್ಷ ದಾಟಿದರೂ ಈ ಚಿತ್ರ ನೋಡಿ ಎದ್ದವರ ನಡುವೆ ಒಂದು ಜಗಳ ಹಾಗೇ ಉಳಿದಿದೆ. ಶೇನ್ ಗಾಯಗೊಂಡು ಹೊರಟುಹೋದನೇ, ಇಲ್ಲ, ಕುದುರೆಯ ಮೇಲೆ ಕೂತಲ್ಲೇ ಸತ್ತನೇ? ಒಂದು ಪಕ್ಷದವರು ತೋಳು ತೋರಿಸುತ್ತಾರೆ, ಇನ್ನೊಂದು ಪಕ್ಷದವರು ಕುದುರೆ ತೋರಿಸುತ್ತಾರೆ. ಎರಡೂ ಕಡೆಯವರು ನೋಡಿರುವುದು ಅದೇ ಎರಡು ನಿಮಿಷವನ್ನು.

ಕಥೆ ಸರಳ. ಅಮೆರಿಕದ ವಯೋಮಿಂಗ್ ಸೀಮೆ. 1862ರ ಹೋಮ್‌ಸ್ಟೆಡ್ ಕಾಯ್ದೆಯ ಪ್ರಕಾರ ಐದು ವರ್ಷ ನೆಲೆನಿಂತು ಬೇಸಾಯ ಮಾಡಿದವರಿಗೆ 160 ಎಕರೆ ಭೂಮಿ ಸಿಗುತ್ತಿತ್ತು. ಹಾಗೆ ಬಂದು ಬೇಲಿ ಹಾಕಿಕೊಂಡ ರೈತರಲ್ಲಿ ಜೋ ಸ್ಟಾರೆಟ್ ಒಬ್ಬ. ಹೆಂಡತಿ ಮೇರಿಯನ್, ಮಗ ಜೋಯಿ. ಈ ಬೇಲಿಗಳಿಗಿಂತ ಮೊದಲೇ ಕಣಿವೆಯಲ್ಲಿ ದನ ಬಿಟ್ಟುಕೊಂಡಿದ್ದ ರೂಫಸ್ ರೈಕರ್‌ಗೆ ಇವರನ್ನು ಕಂಡರಾಗದು. ಇವರ ನಡುವೆ ಬೆಟ್ಟದ ಕಡೆಯಿಂದ ಎಲ್ಲಿಯವನೋ ಒಬ್ಬ ಇಳಿದು ಬರುತ್ತಾನೆ. ಹೆಸರು ಶೇನ್, ಅಷ್ಟೇ. ಹಿಂದೆ ಏನಾಗಿದ್ದ ಎಂದು ಅವನು ಹೇಳುವುದಿಲ್ಲ, ನಾವು ಊಹಿಸುತ್ತೇವೆ. ಸ್ಟಾರೆಟ್ ಮನೆಯಲ್ಲಿ ಕೂಲಿ ಆಳಾಗಿ ನಿಲ್ಲುತ್ತಾನೆ. ರೈಕರ್ ಬಾಡಿಗೆ ಬಂದೂಕುಗಾರ ವಿಲ್ಸನ್‌ನನ್ನು ಕರೆಸುತ್ತಾನೆ. ಈ ಪಾತ್ರ ಮಾಡಿದ ಜ್ಯಾಕ್ ಪ್ಯಾಲೆನ್ಸ್ ಹೆಚ್ಚು ಮಾತಾಡದೆ, ನಿಧಾನಕ್ಕೆ ನಕ್ಕೇ ಹೆದರಿಸುತ್ತಾನೆ. ಮುಂದೇನಾಗುತ್ತದೆ ಎಂದು ಹೇಳಲು ಜೋಯಿಸರು ಬೇಕಿಲ್ಲ.

ಕೊನೆಯ ಕಾಳಗ ಗ್ರಾಫ್ಟನ್ನನ ಸಲೂನಿನಲ್ಲಿ. ಶೇನ್ ಮೊದಲು ವಿಲ್ಸನ್‌ನನ್ನು, ಆಮೇಲೆ ರೈಕರ್‌ನನ್ನು ಹೊಡೆದುರುಳಿಸುತ್ತಾನೆ. ಕೈಯಲ್ಲಿ ಪಿಸ್ತೂಲು ಗಿರ್ರನೆ ತಿರುಗಿಸಿ ಸೊಂಟಕ್ಕೆ ಸೇರಿಸಿ ಹೊರಡುತ್ತಾನೆ. ಮಹಡಿಯ ಮೇಲೆ ರೈಕರ್‌ನ ತಮ್ಮ ಮಾರ್ಗನ್ ರೈಫಲ್ ಹಿಡಿದು ಕಾದಿದ್ದಾನೆ. ಅದು ಕಂಡಿರುವುದು ಸಲೂನಿನ ತೂಗುಬಾಗಿಲ ಕೆಳಗಿನಿಂದ ಇಣುಕುತ್ತಿರುವ ಜೋಯಿಗೆ ಮಾತ್ರ. ಹುಡುಗ ಕೂಗುತ್ತಾನೆ, ಶೇನ್ ತಿರುಗುತ್ತಾನೆ, ಇಬ್ಬರ ಗುಂಡೂ ಹೆಚ್ಚುಕಡಿಮೆ ಒಟ್ಟಿಗೆ ಹಾರುತ್ತವೆ. ಮಾರ್ಗನ್ ಮೇಲಿನಿಂದ ಕೆಳಗೆ ಬೀಳುತ್ತಾನೆ. ಶೇನ್‌ಗೂ ಗುಂಡು ತಗುಲಿದೆ. ಎಲ್ಲಿ, ಎಷ್ಟು ಆಳ, ಕ್ಯಾಮೆರಾ ತೋರಿಸುವುದಿಲ್ಲ. ಹೊರಗೆ ಬಂದಾಗ ಅವನ ಕೈಯ ರಕ್ತ ಹುಡುಗನ ಕಣ್ಣಿಗೆ ಬೀಳುತ್ತದೆ. ನಿನಗೆ ಪೆಟ್ಟಾಗಿದೆ ಎನ್ನುತ್ತಾನೆ. ನನಗೇನೂ ಆಗಿಲ್ಲ, ನೀನು ಮನೆಗೆ ಹೋಗು, ಗಟ್ಟಿಮುಟ್ಟಾಗಿ, ನೆಟ್ಟಗೆ ಬೆಳೆ, ಅಪ್ಪ ಅಮ್ಮನನ್ನು ನೋಡಿಕೋ ಎನ್ನುತ್ತಾನೆ ಶೇನ್. ಏನೂ ಆಗಿಲ್ಲ ಎನ್ನುವ ಗಾಯಾಳುವಿನ ಮಾತನ್ನು ನಮ್ಮ ಯಾವ ಅಜ್ಜಿಯೂ ನಂಬುವುದಿಲ್ಲ ಎನ್ನುವುದು ಬೇರೆ ವಿಷಯ.

ಈ ಜಗಳ ಎಷ್ಟು ಹಳೆಯದು, ಎಷ್ಟು ಜನಜನಿತ ಎಂದರೆ ಇನ್ನೊಂದು ಸಿನಿಮಾದೊಳಗೇ ಬಂದು ಕೂತಿದೆ. 1998ರ ‘ದ ನೆಗೋಷಿಯೇಟರ್’ನಲ್ಲಿ ಒತ್ತೆಯಾಳುಗಳನ್ನು ಇಟ್ಟುಕೊಂಡ ಪೊಲೀಸ್ ಅಧಿಕಾರಿ ಸ್ಯಾಮುಯೆಲ್ ಎಲ್. ಜ್ಯಾಕ್ಸನ್, ಅವನ ಜೊತೆ ಸಂಧಾನಕ್ಕೆ ಬಂದವನು ಕೆವಿನ್ ಸ್ಪೇಸಿ. ಹೊರಗೆ ಬಂದೂಕುಗಳು ಗುರಿಯಿಟ್ಟು ನಿಂತಿರುವಾಗ ಇವರಿಬ್ಬರ ಮಾತು ಹಳೆಯ ವೆಸ್ಟರ್ನ್ ಚಿತ್ರಗಳ ಕಡೆ ಹೊರಳುತ್ತದೆ. ಶೇನ್ ಸತ್ತ ಎನ್ನುತ್ತಾನೆ ಒಬ್ಬ, ಅವನು ತಿರುಗಿ ನೋಡದಿದ್ದುದೇ ಸತ್ತಿದ್ದರಿಂದ. ಸತ್ತದ್ದನ್ನು ತೋರಿಸಿಲ್ಲವಲ್ಲ, ಅದು ನಿನ್ನ ಊಹೆ ಎನ್ನುತ್ತಾನೆ ಇನ್ನೊಬ್ಬ. ಹರಟೆಯಂತೆ ಕಂಡರೂ ಇಬ್ಬರೂ ಒಬ್ಬರನ್ನೊಬ್ಬರು ಅಳೆಯುತ್ತಿದ್ದಾರೆ. ಎದುರಿಗಿರುವವನು ಕಂಡಷ್ಟನ್ನೇ ನಂಬುವವನೋ, ಕಾಣದ್ದನ್ನು ತುಂಬಿಕೊಳ್ಳುವವನೋ ಎಂದು.

ಬದುಕಿದ ಎನ್ನುವವರ ಬಳಿ ಮೂಲ ಕಾದಂಬರಿ ಇದೆ. ಜ್ಯಾಕ್ ಶೇಫರ್ ಬರೆದ ‘ಶೇನ್’ ಪುಸ್ತಕವಾಗಿ ಬಂದದ್ದು 1949ರಲ್ಲಿ. ಅಲ್ಲಿ ಹುಡುಗನ ಹೆಸರು ಬಾಬ್. ದೊಡ್ಡವನಾದ ಬಾಬ್ 1889ರ ಬೇಸಿಗೆಯನ್ನು ನೆನೆದು ಕಥೆ ಹೇಳುತ್ತಾನೆ. ಅಲ್ಲೂ ಶೇನ್‌ಗೆ ಗುಂಡು ಬೀಳುತ್ತದೆ, ಅಲ್ಲೂ ಅವನು ಕಣಿವೆ ಬಿಟ್ಟು ಹೋಗುತ್ತಾನೆ. ಆ ರಾತ್ರಿ ಊರಿನ ವೀರ್ ಎಂಬಾತ ಸ್ಟಾರೆಟ್ ಮನೆಗೆ ಬಂದು, ಗುಂಡಿಗೆ ಸಾಯುವ ಆಸಾಮಿ ಅವನಲ್ಲ ಎಂಬರ್ಥದ ಮಾತಾಡಿ ಹುಡುಗನಿಗೆ ಧೈರ್ಯ ತುಂಬುತ್ತಾನೆ. ಬದುಕಿದ ಪಕ್ಷದವರು ಇದನ್ನು ತಾಮ್ರಶಾಸನದ ಹಾಗೆ ಎತ್ತಿ ಹಿಡಿಯುತ್ತಾರೆ. ನನಗೆ ಅಷ್ಟು ನಂಬಿಕೆಯಿಲ್ಲ. ಅಳುವ ಮಗುವಿಗೆ ದೊಡ್ಡವರು ಇನ್ನೇನು ಹೇಳುತ್ತಾರೆ? ಅಲ್ಲದೆ ಅದು ಶೇಫರ್‌ನ ಶೇನ್. ಕೋಟೆಯ ಗೋಡೆಯಂಥ ಟೀಟಾನ್ ಪರ್ವತಗಳ ಎದುರು, ವಯೋಮಿಂಗಿನ ಜ್ಯಾಕ್ಸನ್ ಹೋಲ್‌ನಲ್ಲಿ 1951ರಲ್ಲಿ ಸ್ಟೀವನ್ಸ್ ಚಿತ್ರೀಕರಿಸಿದ್ದು ಇನ್ನೊಬ್ಬ ಶೇನ್‌ನನ್ನು.

ಸತ್ತ ಎನ್ನುವವರ ಪುರಾವೆಗಳಲ್ಲಿ ಜೋತ ತೋಳು ನನಗೆ ಮುಖ್ಯವಲ್ಲ. ಭುಜಕ್ಕೋ ಪಕ್ಕೆಗೋ ಗುಂಡು ಬಿದ್ದವನು ಕೈ ಜೋತುಬಿಟ್ಟುಕೊಂಡೇ ಸವಾರಿ ಮಾಡಬೇಕು. ಸ್ಮಶಾನವೂ ನಿರ್ದೇಶಕನ ಸಂಕೇತವಿರಬಹುದು, ಬರೀ ದಾರಿಯೂ ಇರಬಹುದು. ಬೆಟ್ಟಕ್ಕೆ ಹೋಗುವವನು ಅಲ್ಲಿ ಹಾದೇ ಹೋಗಬೇಕಿತ್ತೇನೋ. ಅವರ ಕೈಯಲ್ಲಿರುವ ನಿಜವಾದ ಅಸ್ತ್ರ ಕ್ಲೈಮ್ಯಾಕ್ಸಿನಲ್ಲಿ ಇಲ್ಲ, ಅದಕ್ಕೂ ಮೊದಲಿನ ಒಂದು ಕೊಲೆಯಲ್ಲಿದೆ.

ಟೋರಿ ಎಂಬ ರೈತ. ಅಮೆರಿಕದ ದಕ್ಷಿಣ ಸೀಮೆಯವನು, ಜಂಬಗಾರ, ಕುಳ್ಳ. ಆ ಪಾತ್ರದಲ್ಲಿ ಎಲೈಶಾ ಕುಕ್ ಜೂನಿಯರ್. ಮಳೆ ಬಂದು ಬೀದಿಯೆಲ್ಲ ಕೆಸರು. ವಿಲ್ಸನ್ ಹಲಗೆಯ ಜಗುಲಿಯ ಮೇಲೆ ಒಣಗಿದ ಜಾಗದಲ್ಲಿ ನಡೆಯುತ್ತಾನೆ. ಟೋರಿ ಕೆಳಗೆ ಕೆಸರಿನಲ್ಲಿ ಜಾರುತ್ತ, ಸಾವರಿಸಿಕೊಳ್ಳುತ್ತ ಅವನ ಸಮಕ್ಕೆ ನಡೆಯುತ್ತಾನೆ. ವಿಲ್ಸನ್ ಬೇಕೆಂದೇ ಅವನ ಸೀಮೆಯನ್ನು, ಅಂತರ್ಯುದ್ಧದಲ್ಲಿ ಅವನ ಕಡೆಯ ಸೇನಾಪತಿಗಳಾಗಿದ್ದವರನ್ನು ಜರೆಯುತ್ತಾನೆ. ಟೋರಿ ಪಿಸ್ತೂಲಿಗೆ ಕೈ ಹಾಕುತ್ತಾನೆ. ಅಷ್ಟರಲ್ಲಿ ವಿಲ್ಸನ್‌ನ ಪಿಸ್ತೂಲು ಹೊರಬಂದು ನಿಂತಿದೆ. ಒಂದು ಕ್ಷಣ ಇಬ್ಬರೂ ಹಾಗೇ. ಟೋರಿಗೆ ತಾನು ಸೋತೆ ಎಂದು ಗೊತ್ತಾಗುವಷ್ಟು ಹೊತ್ತು. ಆಮೇಲೆ ಫಿರಂಗಿಯಂಥ ಸದ್ದು. ಟೋರಿ ಕುಸಿಯುವುದಿಲ್ಲ, ಯಾರೋ ಹಿಂದಿನಿಂದ ಎಳೆದಂತೆ ಹಾರಿ ಕೆಸರಿಗೆ ಬೀಳುತ್ತಾನೆ. ನಿಜಕ್ಕೂ ಎಳೆದಿದ್ದರು: ಮೈಗೆ ತಂತಿ ಕಟ್ಟಿ ಹಿಂದಕ್ಕೆ ಜಗ್ಗಿದ್ದರು. ಅಲ್ಲಿಯವರೆಗೆ ಹಾಲಿವುಡ್‌ನಲ್ಲಿ ಗುಂಡು ತಿಂದವರು ಎದೆ ಹಿಡಿದುಕೊಂಡು ನಾಜೂಕಾಗಿ ಒರಗುತ್ತಿದ್ದರು. ತೆರೆಯ ಮೇಲಿನ ಹಿಂಸೆ ಬದಲಾದದ್ದೇ ಈ ಗಳಿಗೆಯಿಂದ ಎಂದು, ಮುಂದೆ ‘ದ ವೈಲ್ಡ್ ಬಂಚ್’ ಮಾಡಿದ ಸ್ಯಾಮ್ ಪೆಕಿನ್‌ಪಾ ಹೇಳುತ್ತಿದ್ದ. ಆಮೇಲೆ ಗುಡ್ಡದ ಮೇಲೆ ಟೋರಿಯ ಮಣ್ಣು. ಅವನ ನಾಯಿ ಪೆಟ್ಟಿಗೆಯನ್ನು ಕಾಲಿನಿಂದ ಕೆರೆಯುತ್ತದೆ. ಸ್ಟೀವನ್ಸ್ ಆ ನಾಯಿಯನ್ನು ನಮಗೆ ಸಾಕಷ್ಟು ಹೊತ್ತು ತೋರಿಸುತ್ತಾನೆ.

ಸಾವನ್ನು ಹೀಗೆ ತೋರಿಸಿದ್ದರ ಹಿಂದೆ ಒಂದು ಕಾರಣವಿದೆ. ಎರಡನೇ ಮಹಾಯುದ್ಧಕ್ಕೆ ಮೊದಲು ಸ್ಟೀವನ್ಸ್ ಹಾಸ್ಯಚಿತ್ರ, ಹಾಡು ಕುಣಿತದ ಚಿತ್ರಗಳನ್ನು ಮಾಡಿಕೊಂಡಿದ್ದವನು. ಯುದ್ಧದಲ್ಲಿ ಅಮೆರಿಕದ ಸೇನೆಯ ಚಿತ್ರೀಕರಣ ತಂಡದ ಮುಖ್ಯಸ್ಥನಾಗಿ ಯುರೋಪಿಗೆ ಹೋದ. 1945ರಲ್ಲಿ ಜರ್ಮನಿಯ ಡಾಖಾವ್ ಯಾತನಾ ಶಿಬಿರದ ಬಾಗಿಲು ತೆರೆದಾಗ ಅವನ ಕ್ಯಾಮೆರಾ ಅಲ್ಲಿತ್ತು. ಅವನ ತಂಡ ಸೆರೆಹಿಡಿದ ದೃಶ್ಯಗಳು ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಸಾಕ್ಷ್ಯವಾದವು. ಮರಳಿ ಬಂದ ಮೇಲೆ ಅವನು ಮತ್ತೆ ಹಾಸ್ಯಚಿತ್ರ ಮಾಡಲಿಲ್ಲ. ಅಂಥವನಿಗೆ ಗುಂಡಿನ ಏಟು ಆಟವಾಗಿರಲು ಸಾಧ್ಯವಿಲ್ಲ. ಹಾಗಿದ್ದರೆ, ಒಂದು ಗುಂಡು ಮನುಷ್ಯನನ್ನು ಏನು ಮಾಡುತ್ತದೆ ಎಂದು ಕೆಸರಿನಲ್ಲಿ ಕೆಡವಿ ತೋರಿಸಿದ ನಿರ್ದೇಶಕ, ಅದೇ ಚಿತ್ರದಲ್ಲಿ ರೈಫಲ್ ಏಟು ತಿಂದ ನಾಯಕನನ್ನು ಸೊಳ್ಳೆ ಕಚ್ಚಿದವನಂತೆ ಕಳಿಸಿಕೊಡುತ್ತಾನೆಯೇ?

ಆ ಕಾಲದ ವೈದ್ಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕಾದಂಬರಿಯಲ್ಲಿ ಗಾಯ ಸೊಂಟಪಟ್ಟಿಗಿಂತ ತುಸು ಮೇಲೆ, ಅಂದರೆ ಹೊಟ್ಟೆಗೆ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್‌ಫೀಲ್ಡ್‌ಗೆ ವಾಷಿಂಗ್ಟನ್‌ನ ರೈಲು ನಿಲ್ದಾಣದಲ್ಲಿ ಗುಂಡು ಬಿತ್ತು. ದೇಶದ ಹೆಸರಾಂತ ವೈದ್ಯರೆಲ್ಲ ಹಾಸಿಗೆಯ ಸುತ್ತ ಇದ್ದರು. ತೊಳೆಯದ ಬೆರಳು, ಸಲಾಕೆ ತೂರಿಸಿ ಗುಂಡು ಹುಡುಕಿದರು. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಲೋಹ ಪತ್ತೆ ಮಾಡುವ ಯಂತ್ರವನ್ನೇ ಕಟ್ಟಿಕೊಂಡು ಬಂದ. ಗುಂಡು ಸಿಗಲಿಲ್ಲ, ನಂಜು ಏರಿತು, 79 ದಿನ ನರಳಿ ಅಧ್ಯಕ್ಷ ಸತ್ತ. ಇದಾದ ಎಂಟೇ ವರ್ಷಕ್ಕೆ, ಕಾನೂನು ಕಾಯುವವನು ಬೇಕೆಂದರೂ ಮೂರು ದಿನದ ಕುದುರೆ ದಾರಿ ಎನ್ನುವ ಕಣಿವೆಯಲ್ಲಿ ಗುಂಡು ತಿಂದವನು ವೈದ್ಯರಿಲ್ಲದ ಬೆಟ್ಟದ ಕಡೆ ಹೋದರೆ ಗತಿಯೇನು? (ಗಾರ್‌ಫೀಲ್ಡ್‌ನ ಕಥೆ ಓದಿದವರು, ವೈದ್ಯರಿಲ್ಲದ್ದೇ ಶೇನ್‌ನ ಅದೃಷ್ಟ ಎಂದೂ ವಾದಿಸಬಹುದು.)

ಸತ್ತ ಪಕ್ಷದ ವಾದವನ್ನು ಇಷ್ಟು ಗಟ್ಟಿಯಾಗಿ ಕಟ್ಟಿಕೊಟ್ಟ ಮೇಲೆ ನನ್ನ ಮತ ಹೇಳುತ್ತೇನೆ: ಆ ರಾತ್ರಿ ಶೇನ್ ಸಾಯಲಿಲ್ಲ. ಇದಕ್ಕೆ ನನ್ನ ಕಾರಣ ಗಾಯದಲ್ಲಿಲ್ಲ, ಮೇರಿಯನ್‌ಳಲ್ಲಿದೆ.

ಶೇನ್ ಬಂದ ದಿನವೇ ಮೇರಿಯನ್ ಒಳ್ಳೆಯ ತಟ್ಟೆಗಳನ್ನು ಹೊರಗೆ ತೆಗೆಯುತ್ತಾಳೆ. ಆಮೇಲೆ ಇಬ್ಬರ ನಡುವೆ ಹೇಳುವಂಥದ್ದು ಏನೂ ನಡೆಯುವುದಿಲ್ಲ, ನೋಟವೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಮೇರಿಯನ್ ಪಾತ್ರ ಮಾಡಿದ ಜೀನ್ ಆರ್ಥರ್‌ಗೆ ಇದು ಕೊನೆಯ ಸಿನಿಮಾ. ಮಳೆಯಲ್ಲಿ ನೆನೆಯುತ್ತಿರುವ ಶೇನ್ ಜೊತೆ ಮಾತಾಡುವಾಗಲೂ ಅವಳು ಹೊಸ್ತಿಲು ದಾಟುವುದಿಲ್ಲ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಗಂಡ. ವ್ಯಾನ್ ಹೆಫ್ಲಿನ್‌ನ ಜೋ ಸ್ಟಾರೆಟ್ ಮಂದ ಮನುಷ್ಯನಂತೆ ಕಾಣುತ್ತಾನೆ, ಆದರೆ ರೈಕರ್‌ನನ್ನು ಎದುರಿಸಲು ಹೊರಟ ರಾತ್ರಿ ಹೆಂಡತಿಗೆ ಹೇಳುತ್ತಾನೆ: ನಾನು ಸ್ವಲ್ಪ ನಿಧಾನ ಇರಬಹುದು, ಆದರೆ ನನಗೂ ಕಾಣುತ್ತದೆ, ನನಗೇನಾದರೂ ಆದರೆ ನಿನ್ನನ್ನು ನೋಡಿಕೊಳ್ಳುವವರಿದ್ದಾರೆ, ಬಹುಶಃ ನನಗಿಂತ ಚೆನ್ನಾಗಿ. ಹಗೆಯಿಲ್ಲ, ಹೊಟ್ಟೆಕಿಚ್ಚಿಲ್ಲ. ವೆಸ್ಟರ್ನ್ ಸಿನಿಮಾದ ಗಂಡಸೊಬ್ಬ ಆಡಿದ ಇದಕ್ಕಿಂತ ದೊಡ್ಡ ಮಾತು ನನಗೆ ನೆನಪಿಲ್ಲ. ಅವನು ಹೋದರೆ ಸಾಯುತ್ತಾನೆ ಎಂದು ಗೊತ್ತಿದ್ದ ಶೇನ್ ಅವನ ಜೊತೆ ಹೊಡೆದಾಡಿ, ಪಿಸ್ತೂಲಿನ ಹಿಡಿಯಿಂದ ತಲೆಗೆ ಹೊಡೆದು ಕೆಡವಿ, ತಾನು ಹೋಗುತ್ತಾನೆ. ಹೊರಡುವಾಗ ಮೇರಿಯನ್ ಕೇಳುತ್ತಾಳೆ, ಇದೆಲ್ಲ ನನಗಾಗಿಯೇ ಎಂದು. ನಿನಗಾಗಿ, ಜೋಗಾಗಿ, ಹುಡುಗನಿಗಾಗಿ ಎನ್ನುತ್ತಾನೆ ಅವನು. ಮೂವರ ಹೆಸರಲ್ಲಿ ಅವಳದೇ ಮೊದಲು.

ಈಗ ಆ ಕೊನೆಯ ಕೂಗಿಗೆ ಹೋಗೋಣ. ಜನರ ನೆನಪಿನಲ್ಲಿ ಉಳಿದಿರುವುದು ‘ವಾಪಸು ಬಾ’ ಎಂಬುದೊಂದೇ. ಆದರೆ ಜೋಯಿ ಇನ್ನೂ ಕೂಗುತ್ತಾನೆ: ಅಪ್ಪನ ಹತ್ತಿರ ನಿನಗೆ ಕೆಲಸ ಇದೆ ಎನ್ನುತ್ತಾನೆ, ಅಮ್ಮನಿಗೆ ನೀನು ಬೇಕು, ನನಗೆ ಗೊತ್ತು ಎನ್ನುತ್ತಾನೆ. ಮಗುವಿಗೆ ಆ ಮಾತಿನ ಅರ್ಥ ತಿಳಿಯದು. ಕುದುರೆಯ ಮೇಲಿರುವವನಿಗೆ ತಿಳಿಯುತ್ತದೆ. ಆ ಮಾತು ಕಿವಿಗೆ ಬಿದ್ದ ಮೇಲೆ ತಿರುಗಿ ನೋಡದೆ ಹೋಗುವುದಕ್ಕೆ ಹೆಣವಾಗಿರಬೇಕಾಗಿಲ್ಲ, ಮರ್ಯಾದಸ್ಥನಾಗಿದ್ದರೆ ಸಾಕು. ಸತ್ತಿದ್ದರಿಂದ ನೋಡಲಿಲ್ಲ ಎನ್ನುವವರು ಇಡೀ ಚಿತ್ರದ ಅತ್ಯಂತ ಕಷ್ಟದ ತೀರ್ಮಾನವನ್ನು ಅವನ ಕೈಯಿಂದ ಕಿತ್ತುಕೊಂಡು ಮಾರ್ಗನ್‌ನ ಗುಂಡಿಗೆ ಕೊಟ್ಟುಬಿಡುತ್ತಾರೆ.

ಶೇನ್‌ನನ್ನು ಸಾಯಿಸಿದರೆ ನೋಡುಗನಿಗೆ ಹಾಯ್ ಎನಿಸುತ್ತದೆ. ನಮ್ಮ ಊರೂರಿನ ಏರಿಯ ಮೇಲೆ, ಗುಡಿಯ ಮಗ್ಗುಲಲ್ಲಿ ನಿಂತಿರುವ ತುರುಗೋಳಿನ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಯಲ್ಲಿ ದನ, ಕಾದಾಟ, ಬಿದ್ದ ವೀರ. ನಡುವಿನ ಪಟ್ಟಿಯಲ್ಲಿ ಅಪ್ಸರೆಯರು ಅವನ ತೋಳು ಹಿಡಿದು ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲಿನ ಪಟ್ಟಿಯಲ್ಲಿ ಲಿಂಗದ ಮುಂದೆ ಅವನು ಕೂತಿದ್ದಾನೆ. ದನಗಾಹಿಗಳಿಗೂ ರೈತರಿಗೂ ನಡೆದ ಕಾದಾಟ, ಮಹಡಿಯಿಂದ ಬಂದ ಗುಂಡು, ಗೋರಿಗಳನ್ನು ದಾಟಿ ಬೆಟ್ಟದ ತುದಿಗೆ ಏರುವ ಕುದುರೆ: ಸತ್ತ ಪಕ್ಷದವರು ಸ್ಟೀವನ್ಸ್‌ನ ಕೊನೆಯ ಶಾಟಿನಲ್ಲಿ ನೋಡುತ್ತಿರುವುದು ಇಂಥದೇ ಒಂದು ಕಲ್ಲನ್ನು. ಸತ್ತರೆ ಲೆಕ್ಕ ಚುಕ್ತಾ. ಕೊಂದ ಪಾಪವೂ ಹೋಯಿತು, ಮೇರಿಯನ್‌ಳ ಚಿಂತೆಯೂ ಹೋಯಿತು, ಊರಿಗೆ ಪೂಜೆಗೊಂದು ಕಲ್ಲೂ ಸಿಕ್ಕಿತು.

ಶೇನ್ ಹೇಳುವುದು ಇದಕ್ಕೆ ತದ್ವಿರುದ್ಧ. ಹುಡುಗನಿಗೆ ಅವನು ಕೊಟ್ಟ ಕಾರಣ ಇದು: ಕೊಂದವನು ಕೊಲೆಯ ಜೊತೆಗೇ ಬಾಳಲಾಗದು, ಸರಿಯೋ ತಪ್ಪೋ, ಅದು ದನಕ್ಕೆ ಹಾಕಿದ ಬರೆಯಂತೆ ಅಂಟಿಕೊಳ್ಳುತ್ತದೆ, ಇನ್ನು ಹಿಂದಕ್ಕೆ ಹೋಗುವಂತಿಲ್ಲ. ಸಾಯುತ್ತಿರುವವನಿಗೆ ಈ ಮಾತಿನಿಂದ ಏನಾಗಬೇಕು? ಬದುಕಿ ಬರೆಯನ್ನು ಹೊತ್ತು ತಿರುಗಬೇಕಾದವನ ಮಾತು ಇದು. ಅದಕ್ಕೂ ಸ್ವಲ್ಪ ಮೊದಲು ಸಲೂನಿನಲ್ಲಿ ಅವನು ರೈಕರ್‌ಗೆ, ನಿನ್ನ ಕಾಲ ಮುಗಿಯಿತು ಎನ್ನುತ್ತಾನೆ. ನನ್ನದಿರಲಿ, ನಿನ್ನ ಕಾಲ ಏನಾಯಿತು ಬಂದೂಕುಗಾರ ಎಂದು ರೈಕರ್ ಕೆಣಕುತ್ತಾನೆ. ವ್ಯತ್ಯಾಸ ಇಷ್ಟೇ, ನನಗದು ಗೊತ್ತಿದೆ ಎನ್ನುತ್ತಾನೆ ಶೇನ್. ಗೊತ್ತಿದ್ದೂ ಹೋಗುತ್ತಿದ್ದಾನೆ. 1890ರಲ್ಲಿ ವಯೋಮಿಂಗ್ ರಾಜ್ಯವಾಯಿತು. ಬೇಲಿಗಳು ಬಂದವು, ಶಾಲೆಗಳು ಬಂದವು. ಹೋಗಿ ಸೇರಿಕೊಳ್ಳಲು ಇನ್ನೊಂದು ಕಣಿವೆಯೇ ಇಲ್ಲದ ಕಾಲಕ್ಕೆ ಆ ಕುದುರೆ ಹೊರಟಿದೆ. ಅವನು ಬದುಕಿದ ಎನ್ನುವುದು ಸುಖಾಂತವಲ್ಲ.

ನಂತರ ಬಂದ ಸಿನಿಮಾಗಳು ಈ ಗಂಟನ್ನು ತಮ್ಮ ತಮ್ಮ ರೀತಿಯಲ್ಲಿ ಬಿಚ್ಚಲು ನೋಡಿದವು. ಕ್ಲಿಂಟ್ ಈಸ್ಟ್‌ವುಡ್ 1985ರಲ್ಲಿ ಮಾಡಿದ ‘ಪೇಲ್ ರೈಡರ್’ನಲ್ಲಿ ಬೆಟ್ಟದಿಂದ ಇಳಿದು ಬರುವ ಪಾದ್ರಿಯ ಬೆನ್ನಿನಲ್ಲಿ, ಯಾವ ಮನುಷ್ಯನೂ ಬದುಕಿ ಉಳಿಯಲಾರದಷ್ಟು ಗುಂಡಿನ ಗುರುತುಗಳಿವೆ. ಅಂದರೆ ನಾಯಕ ಬರುವಾಗಲೇ ಸತ್ತಿದ್ದಾನೆ, ಇನ್ನು ಹೋಗುವಾಗಿನ ಚರ್ಚೆ ಏಕೆ! 2017ರ ‘ಲೋಗನ್’ನಲ್ಲಿ ಮುದುಕ ಚಾರ್ಲ್ಸ್ ಮತ್ತು ಬಾಲಕಿ ಲಾರಾ ಹೋಟೆಲ್ ಕೋಣೆಯ ಟಿ.ವಿ.ಯಲ್ಲಿ ‘ಶೇನ್’ ನೋಡುತ್ತಾರೆ. ಕೊನೆಗೆ ನಾಯಕ ಲೋಗನ್ ಸತ್ತಾಗ ಮಂತ್ರ ಗೊತ್ತಿಲ್ಲದ ಆ ಹುಡುಗಿ ಗೋರಿಯ ಮುಂದೆ ಶೇನ್‌ನ ಮಾತುಗಳನ್ನೇ ಹೇಳುತ್ತಾಳೆ. ನಿರ್ದೇಶಕ ಜೇಮ್ಸ್ ಮ್ಯಾನ್‌ಗೋಲ್ಡ್ ಅನುಮಾನಕ್ಕೆ ಎಡೆಯೇ ಇಲ್ಲದಂತೆ ಮಣ್ಣು ಮಾಡಿದ್ದ. ಹಾಗಿದ್ದೂ 2024ರಲ್ಲಿ ಬಂದ ಮುಂದಿನ ಚಿತ್ರದ ಮೊದಲ ದೃಶ್ಯದಲ್ಲೇ ಡೆಡ್‌ಪೂಲ್ ಎಂಬವನು ಹೋಗಿ ಆ ಗೋರಿಯನ್ನು ಅಗೆದು, ನಿಜವಾಗಿ ಸತ್ತಿದ್ದಾನಾ ಎಂದು ನೋಡುತ್ತಾನೆ.

ನಮ್ಮಲ್ಲೂ ಇದು ಹೊಸತಲ್ಲ. 2022ರ ಏಪ್ರಿಲ್‌ನಲ್ಲಿ ‘ಕೆಜಿಎಫ್ ಚಾಪ್ಟರ್ 2’ ಬಂದಾಗ ಹಡಗು, ಚಿನ್ನ, ರಾಕಿ ಮೂರೂ ಸಮುದ್ರ ಸೇರಿದ್ದನ್ನು ಕಣ್ಣಾರೆ ಕಂಡ ಮೇಲೂ ಚಿತ್ರಮಂದಿರದ ಪಾರ್ಕಿಂಗ್‌ನಲ್ಲಿ ಬೈಕು ಒದೆಯುತ್ತಿದ್ದ ಹುಡುಗರು, ಅವನು ಸತ್ತಿಲ್ಲ ಗುರು ಎನ್ನುತ್ತಿದ್ದರು. ಟೈಟಲ್ ಓಡಿದ ಮೇಲೆ ಮೂರನೇ ಭಾಗದ ಸುಳಿವು ಬೇರೆ ಬಂದಿತ್ತು. ಆದರೆ ಅದು ಬೇರೆ ಜಾತಿಯ ಪ್ರಶ್ನೆ. ಅಲ್ಲಿ ಉತ್ತರ ನಿರ್ಮಾಪಕರ ಕೈಯಲ್ಲಿದೆ, ಟಿಕೆಟ್ ಕೊಂಡರೆ ಒಂದು ದಿನ ಸಿಗುತ್ತದೆ. ‘ಶೇನ್’ಗೆ ಎರಡನೇ ಭಾಗ ಬರಲಿಲ್ಲ. 1966ರಲ್ಲಿ ಟಿ.ವಿ. ಧಾರಾವಾಹಿಯೊಂದು ಬಂತು. ಅದೂ ಮೊದಲಿನ ಕಥೆಯನ್ನೇ ಹಿಗ್ಗಿಸಿ, 17 ಕಂತಿಗೆ ನಿಂತುಹೋಯಿತು. ಅಲನ್ ಲ್ಯಾಡ್ 1964ರಲ್ಲೇ ತೀರಿಕೊಂಡಿದ್ದ. ಜೋಯಿಯಾಗಿ ಕೂಗಿದ ಬ್ರ್ಯಾಂಡನ್ ಡಿ ವೈಲ್ಡ್ 1972ರಲ್ಲಿ, ಮೂವತ್ತನೇ ವಯಸ್ಸಿಗೆ, ರಸ್ತೆ ಅಪಘಾತದಲ್ಲಿ ಸತ್ತ. ಇನ್ನು ಯಾರನ್ನು ಕೇಳುವುದು?

ಸಿನಿಮಾವನ್ನೇ ಕೇಳಬೇಕು. ಚಿತ್ರದ ಆರಂಭದಲ್ಲಿ ಶೇನ್ ಸ್ಟಾರೆಟ್ ಮನೆಯಂಗಳದಲ್ಲಿ ನಿಂತಿರುವಾಗ ಹಿಂದೆ ಜೋಯಿ ತನ್ನ ಖಾಲಿ ಬಂದೂಕಿನ ಕುದುರೆ ಎಳೆಯುತ್ತಾನೆ. ಆ ಸಣ್ಣ ಕ್ಲಿಕ್ ಸದ್ದಿಗೆ ಶೇನ್ ಮಿಂಚಿನಂತೆ ತಿರುಗುತ್ತಾನೆ, ಕೈ ಆಗಲೇ ಪಿಸ್ತೂಲಿನ ಮೇಲೆ. ಅವನ ಪೂರ್ವಾಶ್ರಮ ಏನು ಎಂದು ನಮಗೆ ಮೊದಲು ತಿಳಿಯುವುದೇ ಅಲ್ಲಿ. ಕೊನೆಯಲ್ಲಿ, ಬೆನ್ನ ಹಿಂದೆ ನಿಜವಾದ ರೈಫಲ್ ಇರುವಾಗ, ಅವನಿಗೆ ಸದ್ದು ಕೇಳುವುದಿಲ್ಲ. ತಿರುಗಿಸುವುದು ಜೋಯಿಯ ಕೂಗು. ಕತ್ತಲಲ್ಲಿ ಅಷ್ಟು ದೂರ ನಾಯಿಯ ಜೊತೆ ಓಡಿಬಂದ ಹುಡುಗ ಬಾಗಿಲ ಕೆಳಗೆ ಇರದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಶೇನ್ ಕುದುರೆಯ ಮೇಲೆ ಹೆಣವಾಗಿ ಕೂತಿದ್ದ ಎನ್ನುವುದಾದರೆ, ಜೋಯಿ ಕೂಗಿದ್ದಕ್ಕೂ ಕೂಗದಿದ್ದಕ್ಕೂ ವ್ಯತ್ಯಾಸ ಹತ್ತು ನಿಮಿಷದ್ದು. ಇಷ್ಟು ಎಚ್ಚರದಿಂದ ಕ್ಲಿಕ್ಕಿಗೂ ಕೂಗಿಗೂ ಗಂಟು ಹಾಕಿದ ನಿರ್ದೇಶಕ ಬರೀ ಹತ್ತು ನಿಮಿಷಕ್ಕಾಗಿ ಅಷ್ಟು ಕಷ್ಟಪಡುತ್ತಿರಲಿಲ್ಲ. ಸತ್ತ ಪಕ್ಷದವರು ಗಾರ್‌ಫೀಲ್ಡ್‌ನ 79 ದಿನಗಳನ್ನು ತೋರಿಸಿ ನಗಬಹುದು. ನಗಲಿ. ಎಪ್ಪತ್ತೊಂಬತ್ತು ದಿನದಲ್ಲಿ ಒಳ್ಳೆಯ ಕುದುರೆ ಆ ಸ್ಮಶಾನದಿಂದ ಎಷ್ಟು ದೂರ ಹೋಗಿರುತ್ತದೆ ಎಂದು ಅವರೇ ಲೆಕ್ಕ ಹಾಕಿ ಹೇಳಲಿ.